ಸ್ಮೃತಿದ್ವಾರ ಮೀಮಾಂಸೆ ಅಥವಾ ಆರಿದ ಕಾಫಿಯ ಶಾಸ್ತ್ರ

ಅಥಾತೋ ಫ್ಲ್ಯಾಶ್‌ಬ್ಯಾಕ್‌ಜಿಜ್ಞಾಸಾ. ಕಥಾನಾಯಕನು ಕಿಟಕಿಯಾಚೆ ನೋಡಿದೊಡನೆ ಓದುಗನು 30 ವರ್ಷ ಹಿಂದಕ್ಕೆ ಬೀಳತಕ್ಕದ್ದು ಎಂಬುದು ಪ್ರಥಮ ಸೂತ್ರ. ‘ಕಿಟಕಿಯೇ ಏಕೆ, ಬಾಗಿಲಾಗದೆ?’ ಎಂದು ಪೂರ್ವಪಕ್ಷ. ಬಾಗಿಲಾದರೆ ಯಾರಾದರೂ ಒಳಗೆ ಬಂದಾರು, ಕತೆ ಮುಂದಕ್ಕೆ ಹೋಗಿಬಿಟ್ಟೀತು ಎಂದು ಸಿದ್ಧಾಂತ.

ಮಳೆ, ಹಳೇ ಟ್ರಂಕು ಮೊದಲಾದ ಇತರ ಸ್ಮೃತಿದ್ವಾರಗಳ ಗೊಡವೆ ಇಲ್ಲಿ ಬೇಡ. ಪ್ರಕೃತ ಲೇಖಕನ ಸಂಶೋಧನೆ ಇರುವುದು ಕಾಫಿಯಲ್ಲಿ. (ಫ್ರಾನ್ಸಿನಲ್ಲಿ ಚಹಾ. ಪ್ರೂಸ್ತ್ ಅದರಲ್ಲಿ ಮ್ಯಾಡ್ಲೀನ್ ಎಂಬ ಕೇಕಿನ ಚೂರು ನೆನೆಸಿ ಬಾಲ್ಯವನ್ನು ಎಬ್ಬಿಸಿದ. 1913ರಲ್ಲಿ ಶುರುವಾದದ್ದು 7 ಸಂಪುಟಕ್ಕೆ ನಿಂತಿತು. ನಮ್ಮ ಬೇಕರಿಗಳಲ್ಲಿ ಆ ಕೇಕು ಅಪರೂಪ, ವಿಧಾನ ಮಾತ್ರ ಧಾರಾಳ.) ನಮ್ಮ ನಾಯಕ ಲೋಟ ಎತ್ತುತ್ತಾನೆ. ಅಜ್ಜಿ, ಹಿತ್ತಿಲ ಹಲಸಿನ ಮರ, ಆಸ್ತಿ ವ್ಯಾಜ್ಯ, ಮೊದಲ ಪ್ರೇಮ ಎಲ್ಲ ಮುಗಿದು 14 ಪುಟ ಕಳೆದ ಮೇಲೆ ಗುಟುಕರಿಸುತ್ತಾನೆ. ಕಾಫಿ ಇನ್ನೂ ಹಬೆಯಾಡುತ್ತಿರುತ್ತದೆ!

ಪ್ರಯೋಗಾರ್ಥವಾಗಿ ನಾನೇ ಲೋಟ ಹಿಡಿದು ಅಜ್ಜಿಯನ್ನು ನೆನೆಯಲು ಕೂತೆ. ಅಜ್ಜಿ ಹಲಸಿನ ಮರದವರೆಗೂ ಬಂದಿರಲಿಲ್ಲ, ಕಾಫಿಯ ಮೇಲೆ ಕೆನೆ ಕಟ್ಟಿ ಸುಕ್ಕಾಯಿತು. ‘ಕುಡಿದು ಲೋಟ ಕೊಡ್ರೀ, ತೊಳೀಬೇಕು’ ಎಂದಳು ಹೆಂಡತಿ. ಸಂಶೋಧನೆ ಅಲ್ಲಿಗೆ ಸ್ಥಗಿತಗೊಂಡಿತು.

ಪ್ರಾಚೀನರು ಕಾಫಿ ಕಾಣದವರು, ಆದರೂ ಎದೆಗಾರರು. ಜನ್ನನ ‘ಯಶೋಧರ ಚರಿತೆ’ (1209) ನೋಡಿ. ಮಾರಿಗುಡಿಯಲ್ಲಿ ಬಲಿಗೆ ತಂದು ನಿಲ್ಲಿಸಿದ ಹುಡುಗ ಅಭಯರುಚಿ, ರಾಜ ಮಾರಿದತ್ತನಿಗೆ ಕತೆ ಹೇಳತೊಡಗುತ್ತಾನೆ, ಅದೂ ಹಿಂದಿನ ಜನ್ಮಗಳದ್ದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ತಾನು ನವಿಲಾಗಿ, ತಾಯಿ ನಾಯಿಯಾಗಿ, ಸುತ್ತಿ ಸುತ್ತಿ ಇಬ್ಬರೂ ಕೋಳಿಗಳೇ ಆಗಿ, ಈಗ ಅಣ್ಣತಂಗಿಯರಾಗಿ ಇಲ್ಲಿ ನಿಂತಿರುವ ತನಕ. ಅಷ್ಟು ಹೊತ್ತೂ ಕತ್ತಿ ಕಾಯುತ್ತದೆ. ಕೊನೆಗೆ ಬಲಿಯೇ ರದ್ದಾಗುತ್ತದೆ. ಕತೆ ಹಿಂದಕ್ಕೆ ಹೋಗಿ ಬಂದದ್ದರಿಂದ ಎರಡು ತಲೆ ಉಳಿದವು. ನಮ್ಮ 14 ಪುಟಗಳಿಂದ ಉಳಿದದ್ದು ಲೋಟದ ತಳದ ಗಸಿ.

ಆಧುನಿಕರಲ್ಲಿ ಅನಂತಮೂರ್ತಿ ಜಾಣರು. ‘ಅವಸ್ಥೆ’ಯ (1978) ಕೃಷ್ಣಪ್ಪ ಗೌಡನಿಗೆ ಪಾರ್ಶ್ವವಾಯು ಹೊಡೆಸಿ ಮಂಚಕ್ಕೆ ಹಾಕಿದರು. ನೆನೆಯಲು ಪುರುಸೊತ್ತು, ನೆನೆಯಲೇಬೇಕಾದ ಕಾರಣ, ಎರಡೂ ಒಟ್ಟಿಗೆ ಸಿಕ್ಕವು. ಇಂಥ ಏರ್ಪಾಟು ಎಲ್ಲರ ಕೈಲೂ ಆಗುವಂಥದ್ದಲ್ಲ.

ಆದಕಾರಣ ಉದಯೋನ್ಮುಖ ಕಾದಂಬರಿಕಾರರಲ್ಲಿ ಒಂದೇ ವಿನಂತಿ: ನಾಯಕಿಯನ್ನು ಬಾಲ್ಯಕ್ಕೆ ಕಳಿಸುವ ಮೊದಲು ಒಲೆಯ ಮೇಲಿನ ಹಾಲು ಇಳಿಸಿಬಿಡಿ.