ಒಗರಿನವನಿಗೆ ಕೊಬ್ಬಿನ ಜೋಡಿ

ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಕಡೆ, 1988ರಲ್ಲಿ ಶುರುವಾದ ಗ್ರೋವರ್ ಕಂಪನಿಯ ‘ಲಾ ರಿಸರ್ವ್’ ಒಳ್ಳೆ ಮೈಕಟ್ಟಿನ ಕೆಂಪು ವೈನ್. ಕ್ಯಾಬರ್ನೆ ಸೊವಿನ್ಯೋ, ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳ ಮದುವೆ. ಹನಿಮೂನು ಫ್ರೆಂಚ್ ಓಕ್ ಪೀಪಾಯಿಯಲ್ಲಿ. ಮೂಗಿಗೆ ಕರಿಮೆಣಸಿನ ಘಾಟು, ನಾಲಿಗೆಗೆ ಒಗರು.

ಒಗರೇ ಇಲ್ಲಿ ಸಮಾಚಾರ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದು ಒಗರು ತರುವ ಟ್ಯಾನಿನ್ನಿಗೆ ಪ್ರೊಟೀನ್ ಕಂಡರೆ ಅಂಟಿಕೊಳ್ಳುವ ಚಾಳಿ. ಬೇರೇನೂ ಸಿಗದಿದ್ದರೆ ನಮ್ಮ ಎಂಜಲಿನದ್ದನ್ನೇ ಹಿಡಿದು ಬಾಯಿ ಒಣಗಿಸುತ್ತದೆ. ಅದಕ್ಕೇ ಮಟನ್ ಚಾಪ್ಸೋ, ಕೆಂಡದಲ್ಲಿ ಸುಟ್ಟ ಕುರಿಮಾಂಸವೋ, ಹಳೇ ಚೀಸೋ ಮುಂದಿಡಬೇಕು. ಪ್ರೊಟೀನಿನ ಜೊತೆ ಕೊಬ್ಬೂ ಸಿಕ್ಕಿದ್ದೇ ತಡ, ಒಗರು ಬಾಲ ಮುದುರುತ್ತದೆ. ಕರಿಮೆಣಸು ಬಿದ್ದ ಕೊಡಗಿನ ಪಂದಿ ಕರಿಗೂ ಇದು ಸರಿಜೋಡಿ ಅನ್ನುವುದು ನನ್ನ ಖಾಸಗಿ ತೀರ್ಪು.

ನಮ್ಮವರೋ, ಆಂಧ್ರ ಮೆಸ್ಸಿನ ಚಿಲ್ಲಿ ಚಿಕನ್ ಜೊತೆ ಗುಟುಕರಿಸಿ ‘ಏನ್ರೀ ಇದು, ಗಂಟಲು ಸುಡುತ್ತೆ’ ಅನ್ನುತ್ತಾರೆ. ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಉರಿಯದೆ ತಂಪಾದೀತೇ? ಬಂಗುಡೆ ಜೊತೆಯಂತೂ ಬೇಡವೇ ಬೇಡ. ತುಕ್ಕು ಮೊಳೆ ಚೀಪಿದ ಹಾಗಾಗುತ್ತದೆ.

‘ಕೋಣೆಯ ಉಷ್ಣಾಂಶದಲ್ಲಿ ಕುಡಿಯಿರಿ’ ಎನ್ನುತ್ತಾರಲ್ಲ, ಆ ಕೋಣೆ ಯುರೋಪಿನದು: 16ರಿಂದ 18 ಡಿಗ್ರಿ. ಏಪ್ರಿಲ್ ತಿಂಗಳ ಕಲಬುರಗಿಯದ್ದಲ್ಲ. ಕುಡಿಯುವ ಮುಂಚೆ ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿಗೆ ತಳ್ಳಿ. ಗ್ಲಾಸಿಗೆ ಐಸ್ ಕೇಳುವ ನೆಂಟರು ಬಂದರೆ ದ್ರಾಕ್ಷಿ ಜ್ಯೂಸ್ ಕೊಟ್ಟುಬಿಡಿ, ದುಡ್ಡೂ ಉಳಿಯುತ್ತದೆ.