ಕಾರಿಳಿದರೆ ಚುರ್ರ್!

ಜನವರಿಯ ಒಣಹವೆ. ಕಾರಿನಿಂದ ಇಳಿದು ಬಾಗಿಲು ಮುಚ್ಚಲು ಕೈ ಹಾಕಿದೆ ನೋಡಿ, ಚಟ್! ಕಟ್ಟಿರುವೆ ಕಚ್ಚಿದಂತಾಗಿ ಎರಡು ಹೆಜ್ಜೆ ಹಿಂದೆ ಹಾರಿದೆ. "ಸಾಲ ಇನ್ನೂ ಮೂರು ವರ್ಷ ಇದೆ ಅಂತ ಕಾರು ನೆನಪಿಸ್ತಿದೆ ಬಿಡಿ" ಎಂದಳು ಹೆಂಡತಿ.

ಮೆಕ್ಯಾನಿಕ್ ಹತ್ತಿರ ಓಡಿದೆ. ಅವನು ನನ್ನ ಪಾಲಿಯೆಸ್ಟರ್ ಅಂಗಿಯನ್ನೊಮ್ಮೆ ನೋಡಿ ನಕ್ಕ. "ಕರೆಂಟು ಕಾರಿಂದಲ್ಲ ಸಾರ್, ನಿಮ್ದೇ!"

ಅವನ ಮಾತು ನಿಜ. ಸೀಟಿಗೂ ಅಂಗಿಗೂ ತಿಕ್ಕಾಟವಾದಾಗ ಎಲೆಕ್ಟ್ರಾನುಗಳು ಪಕ್ಷಾಂತರ ಮಾಡುತ್ತವೆ. ಇಳಿಯುವಾಗ ಆ ಚಾರ್ಜನ್ನು ನಾವೇ ಹೊತ್ತು ತರುತ್ತೇವೆ. ರಬ್ಬರ್ ಅಟ್ಟೆಯ ಬೂಟು ಅದನ್ನು ನೆಲಕ್ಕೆ ಹರಿಯಗೊಡುವುದಿಲ್ಲ. ಚುರುಕ್ಕೆನ್ನಲು ಸುಮಾರು 3,000 ವೋಲ್ಟ್ ಬೇಕು. ಮನೆಯ ಪ್ಲಗ್ಗಿನಲ್ಲಿರುವುದೇ 230! ಆದರೂ ನಾವು ಬದುಕಿರುವುದು, ವೋಲ್ಟೇಜು ಎಷ್ಟಿದ್ದರೂ ಸರಕು ಚಿಟಿಕೆಯಷ್ಟೇ ಆದ್ದರಿಂದ. ಥೇಟ್ ಚುನಾವಣಾ ಭಾಷಣ! ಮಂಗಳೂರಿನ ಭಾವನಿಗೆ ಈ ಕಾಟ ಅಪರೂಪ. ಅಲ್ಲಿಯ ತೇವದ ಗಾಳಿಯೇ ಚಾರ್ಜನ್ನು ಉಳಿಯಗೊಡುವುದಿಲ್ಲ.

ಮದ್ದು ಮಾತ್ರ ಪುಕ್ಕಟೆ. ಸೀಟಿನಿಂದ ಏಳುವ ಮೊದಲೇ ಬಾಗಿಲ ಚೌಕಟ್ಟಿನ ಲೋಹ ಹಿಡಿದು, ಕಾಲು ನೆಲಕ್ಕೆ ತಾಗುವವರೆಗೂ ಬಿಡಬಾರದು. ಮರೆತರೆ ಬೆರಳಿನ ಬದಲು ಕೀಲಿಕೈಯ ತುದಿ ತಾಗಿಸಿ. ಕಿಡಿಯ ಪೆಟ್ಟು ಅದಕ್ಕೇ ಬೀಳುತ್ತದೆ. ಹತ್ತಿಯ ಅಂಗಿ ತೊಟ್ಟರೆ ಇನ್ನೂ ಕ್ಷೇಮ.

ಈಗ ನಾನು ಚೌಕಟ್ಟು ಭದ್ರವಾಗಿ ಹಿಡಿದು, ನಿಧಾನವಾಗಿಯೇ ಇಳಿಯುತ್ತೇನೆ. ಶಾಕ್ ನಿಂತಿದೆ. ಆದರೆ ನಿನ್ನೆ ಪಕ್ಕದ ಮನೆಯ ಹುಡುಗಿ ಕನಿಕರದಿಂದ ಕೇಳಿದಳು: "ಮಂಡಿನೋವಾ ತಾತ?"

ಆ ಶಾಕಿಗೆ ಮದ್ದಿಲ್ಲ.