ನೈಂಟಿಗೆ ಯಾವ ಗ್ಲಾಸ್ರೀ?

ಬಲ್ಲವರ ಪ್ರಕಾರ ವೈನಿನ ಗ್ಲಾಸಿಗೆ ಉದ್ದ ಕಾಲಿರಬೇಕು, ಅಂಗೈಯ ಬಿಸಿ ತಾಗಬಾರದು. ಬ್ರಾಂದಿಗೆ ಹೊಟ್ಟೆ ಉಬ್ಬಿದ ಗ್ಲಾಸೇ ಆಗಬೇಕು, ಬಿಸಿ ತಾಗಲೇಬೇಕು. ವಿಸ್ಕಿಗೆಂದು ಸ್ಕಾಟ್ಲೆಂಡಿನವರು 2001ರಲ್ಲಿ ಗ್ಲೆನ್‌ಕೇರ್ನ್ ಎಂಬ ಗ್ಲಾಸನ್ನೇ ಮಾರುಕಟ್ಟೆಗೆ ತಂದರು. ಅದರ ಬಾಯಿ ಕಿರಿದು, ಪರಿಮಳವೆಲ್ಲ ನೇರ ಮೂಗಿಗೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಗುಂಡುಪ್ರಿಯರಿಗೂ ಪರಿಮಳದ ಚಿಂತೆ ಇದ್ದೇ ಇದೆ. ಮನೆ ಹೊಕ್ಕಾಗ ಅದು ಹೆಂಡತಿಯ ಮೂಗಿಗೆ ಹೋಗಬಾರದು, ಅಷ್ಟೇ.

ನಮ್ಮಲ್ಲಿ ಗ್ಲಾಸು ಆರಿಸುವುದು ನೋಡುವವರನ್ನು ನೋಡಿ. ಮನೆಯಲ್ಲಾದರೆ ಸ್ಟೀಲ್ ಲೋಟ. ಒಳಗೇನಿದೆ ಎಂದು ಹೊರಗೆ ಕಾಣದು, "ಮಜ್ಜಿಗಿ ಕುಡ್ಯಾಕತ್ತೀನಿ" ಅಂದರೆ ಮುಗಿಯಿತು. ಬಟವಾಡೆಯ ದಿನ ಬನಹಟ್ಟಿಯ ಮಗ್ಗದವನಿಗೂ ಬಾರಿನ ಗಾಜಿನ ಗ್ಲಾಸಿನ ಯೋಗ. ಉಳಿದ ದಿನ ಹೊಲದ ಬದುವೇ ಗತಿ. ವೈನ್ ಶಾಪಿನ ಸಿಎಲ್-2 ಲೈಸೆನ್ಸು ಮಾರುವುದಕ್ಕಷ್ಟೇ, ಅಲ್ಲಿ ನಿಂತು ಕುಡಿಯುವಂತಿಲ್ಲ. ಸರಕಾರ ಮಾಲು ಕೊಡುತ್ತದೆ, ಜಾಗ ಕೊಡುವುದಿಲ್ಲ. ಗ್ಲಾಸನ್ನು ಪಕ್ಕದ ಪಾನ್ ಅಂಗಡಿ ಕೊಡುತ್ತದೆ. ಅದು ಪ್ಲಾಸ್ಟಿಕ್‌ನದು. 2016ರಲ್ಲಿ ರಾಜ್ಯ ಅದನ್ನು ನಿಷೇಧಿಸಿತು, 2022ರ ಜುಲೈ 1ರಿಂದ ಕೇಂದ್ರವೂ ನಿಷೇಧಿಸಿತು. ಎರಡೆರಡು ಸರಕಾರ ಕೈಹಾಕಿದರೂ ಬಿರುಕು ಬಿಡದ ಇಂಥ ಗ್ಲಾಸು ಸ್ಕಾಟ್ಲೆಂಡಿನಲ್ಲೂ ಸಿಗಲಿಕ್ಕಿಲ್ಲ.

ಅದೂ ಸಿಗದಿದ್ದರೆ ಪಾಕೀಟೇ ಗ್ಲಾಸು. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು, ಹಲ್ಲಿನಿಂದ ಪಾಕೀಟಿನ ಮೂಲೆ ಕಚ್ಚುವ ವಿದ್ಯೆ ನಿಲ್ಲಲಿಲ್ಲ. ಅದೀಗ 90 ಮಿಲಿಯ ಟೆಟ್ರಾ ಪ್ಯಾಕಿಗೆ ಬಡ್ತಿ ಪಡೆದಿದೆ.

ಒಳಗಿನ ಮಾಲಿನ ಕತೆ ಇನ್ನೂ ಚಂದ. ನಮ್ಮ ಅಗ್ಗದ ವಿಸ್ಕಿಯ ಸ್ಪಿರಿಟ್ ಬಹುಪಾಲು ಕಾಕಂಬಿಯದು. ಯುರೋಪಿನ ಕಾನೂನಿನಲ್ಲಿ ವಿಸ್ಕಿ ಎಂದರೆ ಧಾನ್ಯದ್ದು. ಕಬ್ಬು-ಕಾಕಂಬಿಯದ್ದು ರಮ್ಮಿನ ಕುಲ. ಹಾಗಾದರೆ ನಮ್ಮ ರೈತ ಹಿಡಿಯಬೇಕಾದ್ದು ವಿಸ್ಕಿ ಗ್ಲಾಸೋ ರಮ್ ಗ್ಲಾಸೋ? ಪಂಡಿತರು ತೀರ್ಮಾನಿಸಲಿ. ಅವನು ಕುಡಿಯುತ್ತಿರುವುದಂತೂ ಕಬ್ಬನ್ನೇ. ತಾನೇ ನೀರು ಹಾಯಿಸಿ, ಬೆಳೆಸಿ, ಟ್ರ್ಯಾಕ್ಟರಿನಲ್ಲಿ ಹೇರಿ ಫ್ಯಾಕ್ಟರಿಗೆ ಕಳಿಸಿದ್ದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಅದರ ಬಿಲ್ಲು 14 ದಿನದೊಳಗೆ ಕೈಸೇರಬೇಕು. ಬಿಲ್ಲು ಬಾಕಿ ಉಳಿದ ವರ್ಷಗಳಲ್ಲೂ ಅದೇ ಕಬ್ಬು ನೈಂಟಿಯಾಗಿ ತಿರುಗಿ ಬಂದಾಗ ನಗದೇ ಎಣಿಸಬೇಕು, ಮೇಲೆ ಅಬಕಾರಿ ಸುಂಕ ಬೇರೆ. "ಫ್ಯಾಕ್ಟರಿ ಬಿಲ್ ಬಂದಮ್ಯಾಲೆ ಕೊಡ್ತೀನ್ರಿ" ಎಂದು ವೈನ್ ಶಾಪಿನವನಿಗೆ ಯಾರಾದರೂ ಹೇಳಿ ನೋಡಬೇಕು!

ಗ್ಲೆನ್‌ಕೇರ್ನ್ ಬೇಕಾದವರು ತರಿಸಿಕೊಳ್ಳಲಿ, ನಮ್ಮ ತಕರಾರಿಲ್ಲ. ಬದುವಿನ ಮೇಲೆ ಕುಡಿಯುವವರಲ್ಲಿ ಮಾತ್ರ ಒಂದು ವಿನಂತಿ: ಗ್ಲಾಸು ಯಾವುದೇ ಇರಲಿ, ಖಾಲಿ ಬಾಟಲಿ ಅಲ್ಲಿ ಒಡೆಯಬೇಡ್ರಪ್ಪಾ. ಬೆಳಗಾದರೆ ಅದೇ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗಿನವರು ಬರಿಗಾಲಲ್ಲಿ ಇಳಿಯಬೇಕು.